ಆಮ್ರಕುಂಜದ ವಸಂತಪಾಠ

ಉತ್ತರ ಕರ್ನಾಟಕದ ಊರುಗಳಲ್ಲಿ ಹಲಗೆ ಬಾರಿಸಿ ಕಾಮನನ್ನು ಸುಡುವ ಫಾಲ್ಗುಣದ ಹುಣ್ಣಿಮೆಗೆ ಬಂಗಾಳದವರು ದೋಲ್ ಪೂರ್ಣಿಮೆ ಎನ್ನುತ್ತಾರೆ. ಅಲ್ಲಿ ಅದು ರಾಧಾಕೃಷ್ಣರನ್ನು ಉಯ್ಯಾಲೆಯಲ್ಲಿಟ್ಟು ತೂಗುವ ದಿನ, ಚೈತನ್ಯ ಮಹಾಪ್ರಭು ಹುಟ್ಟಿದ ದಿನ. ಆದರೆ ಬೀರ್‌ಭೂಮ್ ಜಿಲ್ಲೆಯ ಬೋಲ್ಪುರಕ್ಕೆ ಅಂಟಿಕೊಂಡಿರುವ ಶಾಂತಿನಿಕೇತನದಲ್ಲಿ ವಸಂತೋತ್ಸವವೆಂದರೆ ಉಯ್ಯಾಲೆಯೂ ಇಲ್ಲ, ವಿಗ್ರಹವೂ ಇಲ್ಲ. ಬೆಳಗಿನ ಹೊತ್ತು ಹಳದಿ ಸೀರೆಯುಟ್ಟ ಹುಡುಗಿಯರು, ಹಳದಿ ಉತ್ತರೀಯ ಹೊದ್ದ ಹುಡುಗರು ಸಾಲಾಗಿ ಕುಣಿಯುತ್ತ ಮರಗಳ ನಡುವಿನ ದಾರಿಯಲ್ಲಿ ಬರುತ್ತಾರೆ. ಬಾಗಿಲು ತೆರೆಯಿರೆಂದು ಮನೆಯವರನ್ನು ಕೂಗುವ ಒಂದು ಹಾಡು ಮುಂದೆ ಮುಂದೆ ಸಾಗುತ್ತದೆ. ಆಮೇಲೆ ವೇದಿಕೆಯಲ್ಲಿ ಹಾಡು, ನೃತ್ಯ, ವಾಚನ. ಅದೆಲ್ಲ ಮುಗಿದ ಮೇಲೆ ಒಣ ಗುಲಾಲು. ಸಂಜೆಗೆ ಒಂದು ನೃತ್ಯನಾಟಕ.

ಇಷ್ಟನ್ನೂ ನಡೆಸುವುದು ದೇವಸ್ಥಾನದ ಸಮಿತಿಯಲ್ಲ, ಊರಿನ ಪಂಚರೂ ಅಲ್ಲ; ವಿಶ್ವಭಾರತಿ ಎಂಬ ಒಂದು ವಿಶ್ವವಿದ್ಯಾಲಯ.

ನಮ್ಮಲ್ಲಿ ಬಹುಪಾಲು ವಿಶ್ವವಿದ್ಯಾಲಯಗಳ ಸಾಂಸ್ಕೃತಿಕ ಕಾರ್ಯಕ್ರಮಗಳು ಪಾಠಪ್ರವಚನ ಮುಗಿದ ಮೇಲೆ, ಪರೀಕ್ಷೆಗೆ ಮೊದಲು ಸಿಗುವ ಒಂದೆರಡು ವಾರದಲ್ಲಿ ನಡೆದುಹೋಗುತ್ತವೆ. ವಿಶ್ವಭಾರತಿಯ ವಸಂತದ ಚರಿತ್ರೆ ಬೇರೆ. ಅಲ್ಲಿ ಹಾಡು, ಆಟ, ವೇಷಗಳೇ ಪಾಠವಾಗಿದ್ದವು. ಅವುಗಳ ಸುತ್ತ ಶಾಲೆ ಬೆಳೆಯಿತು, ಶಾಲೆಯ ಮೇಲೆ ವಿಶ್ವವಿದ್ಯಾಲಯ ಎದ್ದಿತು. ಮುಖ್ಯವಾದ ಇನ್ನೊಂದು ಮಾತಿದೆ: ಬಹುಕಾಲ ದೋಲ್ ಹುಣ್ಣಿಮೆಯೊಂದಿಗೆ ಗಂಟುಹಾಕಿಕೊಂಡಿದ್ದ ಈ ಉತ್ಸವಕ್ಕೆ ಮೊದಲ ಹದಿನೈದಿಪ್ಪತ್ತು ವರ್ಷ ಇಂಥದೇ ದಿನವೆಂಬ ಕಟ್ಟು ಇರಲಿಲ್ಲ. ಅದು ಒಂದು ಋತುವಿನ ಕೆಲಸವಾಗಿತ್ತು. ಪ್ರತಿ ಸಲ ಹೊಸದಾಗಿ ಬರೆದು, ಹೊಸದಾಗಿ ಕಲಿತು ಆಡುವ ಕೆಲಸ.

ಈ ನೆಲದ ಮೂಲ ಸ್ವಲ್ಪ ತಿಳಿದಿರಬೇಕು. 1863ರಲ್ಲಿ ರವೀಂದ್ರನಾಥ ಠಾಕೂರರ ತಂದೆ ಮಹರ್ಷಿ ದೇವೇಂದ್ರನಾಥರು ರಾಯಪುರದ ಸಿಂಹ ಮನೆತನದ ಜಮೀನ್ದಾರರಿಂದ 20 ಬಿಘಾ ಭೂಮಿಯನ್ನು ಶಾಶ್ವತ ಗುತ್ತಿಗೆಗೆ ಪಡೆದರು. ಕೆಂಪು ಜಂಬಿಟ್ಟಿಗೆಯ ಬಯಲು, ಮಳೆನೀರು ಕೊರೆದ ಕೊರಕಲುಗಳು, ನಡುವೆ ಎರಡು ಹಾಲೆಮರ. ಆ ಮರಗಳ ಬುಡದಲ್ಲಿ ಅವರು ಧ್ಯಾನಕ್ಕೆ ಕೂತರು. ಅದೇ ಮರದ ಏಳೆಲೆಯ ಗೊಂಚಲನ್ನು ಘಟಿಕೋತ್ಸವದಲ್ಲಿ ಪದವೀಧರರ ಕೈಗೆ ಕೊಡುವ ಪದ್ಧತಿ ಮುಂದೆ ಬಹುಕಾಲ ನಡೆಯಿತು. 1888ರಲ್ಲಿ ದೇವೇಂದ್ರನಾಥರು ಮಾಡಿಟ್ಟ ಟ್ರಸ್ಟ್ ಪತ್ರದಲ್ಲಿ ಎರಡು ಷರತ್ತುಗಳು ನಮ್ಮ ಕಥೆಗೆ ಬೇಕಾದವು. ಒಂದು, ಇಲ್ಲಿ ಯಾವ ಮೂರ್ತಿಯ ಪೂಜೆಯೂ ನಡೆಯಕೂಡದು. ಇನ್ನೊಂದು, ವರ್ಷಕ್ಕೊಮ್ಮೆ ಇಲ್ಲಿ ಜಾತ್ರೆ ನಡೆಯಬೇಕು. ಆ ಎರಡನೆಯ ಷರತ್ತಿನಿಂದಲೇ 1894ರಲ್ಲಿ ಪೌಷ ಮೇಳ ಶುರುವಾಯಿತು. ದೇವರ ಮೂರ್ತಿಯಿಲ್ಲದೆ ಜನ ಸೇರಬೇಕು ಎಂದಮೇಲೆ ಹಬ್ಬಕ್ಕೆ ಬೇರೊಂದು ನೆಪ ಬೇಕಾಯಿತು. ಮಗ ರವೀಂದ್ರನಾಥರು ಆ ನೆಪವನ್ನು ಕಂಡುಕೊಂಡದ್ದು ಋತುಗಳಲ್ಲಿ.

1901ರ ಡಿಸೆಂಬರ್ 22ರಂದು ರವೀಂದ್ರನಾಥರು ಅಲ್ಲಿ ಬ್ರಹ್ಮಚರ್ಯಾಶ್ರಮ ಎಂಬ ಶಾಲೆ ತೆರೆದಾಗ ಮಕ್ಕಳು ಬೆರಳೆಣಿಕೆಯಷ್ಟಿದ್ದರು; ಅವರಲ್ಲಿ ಒಬ್ಬ ಸ್ವಂತ ಮಗ ರಥೀಂದ್ರನಾಥ. ಪಾಠ ಮರದ ಕೆಳಗೆ. ಗೋಡೆಯಿಲ್ಲದ ತರಗತಿಯಲ್ಲಿ ಕೂತವನಿಗೆ ಋತು ಬದಲಾದದ್ದು ಪಂಚಾಂಗ ನೋಡದೆಯೇ ತಿಳಿಯುತ್ತದೆ. ಮಾಘದಲ್ಲಿ ಮಾವಿನ ಹೂವಿನ ವಾಸನೆ, ಫಾಲ್ಗುಣದಲ್ಲಿ ಮುತ್ತುಗ, ಬೂರುಗಗಳ ಕೆಂಪು, ಚೈತ್ರದಲ್ಲಿ ಸಾಲವೃಕ್ಷದ ಹೂವು ಉದುರುವುದು.

ಆದರೂ ಮೊದಲ ಋತು ಉತ್ಸವವನ್ನು ನಡೆಸಿದ್ದು ಕವಿಯಲ್ಲ, ಅವರ ಕಿರಿಯ ಮಗ ಶಮೀಂದ್ರನಾಥ. 1907ರ ಶ್ರೀಪಂಚಮಿಯ ದಿನ, ಆಗ ತಾನೇ ಹತ್ತು ತುಂಬಿದ್ದ ಆ ಹುಡುಗ ಜೊತೆಯ ಮಕ್ಕಳನ್ನು ಕೂಡಿಸಿಕೊಂಡು ಋತುಗಳ ವೇಷ ಹಾಕಿಸಿ ಒಂದು ಆಟ ಕಟ್ಟಿದ. ಉಳಿದ ಬಂಗಾಳವೆಲ್ಲ ಸರಸ್ವತಿಯ ಮೂರ್ತಿಯ ಮುಂದೆ ಪುಸ್ತಕವಿಟ್ಟು ಕೈಮುಗಿಯುವ ದಿನ ಅದು. ಮೂರ್ತಿಯಿಲ್ಲದ ಆಶ್ರಮದ ಮಕ್ಕಳು ತಾವೇ ವಸಂತವಾಗಿ, ತಾವೇ ಮಳೆಯಾಗಿ ನಿಂತರು. ಅದೇ ವರ್ಷ ನವೆಂಬರಿನಲ್ಲಿ, ರಜೆಗೆಂದು ಮುಂಗೇರಕ್ಕೆ ಹೋಗಿದ್ದಾಗ, ಶಮೀಂದ್ರ ಕಾಲರಾ ತಗುಲಿ ತೀರಿಕೊಂಡ. ಐದು ವರ್ಷದ ಹಿಂದೆ ಅವನ ತಾಯಿ ಮೃಣಾಲಿನೀದೇವಿ ತೀರಿಕೊಂಡದ್ದೂ ಅದೇ ತಿಂಗಳಲ್ಲಿ. ಮಗನ ಸಾವನ್ನು ಕುರಿತು ರವೀಂದ್ರನಾಥರು ಬಹಿರಂಗವಾಗಿ ಆಡಿದ ಮಾತುಗಳು ತೀರ ಕಡಿಮೆ. ಆದರೆ ಮರುವರ್ಷದಿಂದಲೇ ಅವರ ಶಾಲೆಯಲ್ಲಿ ಋತು ಉತ್ಸವಗಳು ಒಂದರ ಹಿಂದೊಂದು ಬರತೊಡಗಿದವು. ಹತ್ತು ವರ್ಷದ ಬಾಲಕ ಆಡಿಸಿದ ಆಟದ ದಾರಿಯನ್ನೇ ತಂದೆ ಹಿಡಿದರು ಎಂದು ಓದಿಕೊಳ್ಳದೆ ಈ ಚರಿತ್ರೆಯನ್ನು ದಾಟಿಹೋಗುವುದು ಕಷ್ಟ.

1908ರಲ್ಲಿ ಸಂಸ್ಕೃತ ಪಂಡಿತ ಕ್ಷಿತಿಮೋಹನ ಸೇನರು ಶಾಲೆಗೆ ಬಂದರು. ಕಾಶಿಯಲ್ಲಿ ಬೆಳೆದವರು, ಕಬೀರ ದಾದೂಗಳ ಪದಗಳನ್ನು ಊರೂರು ತಿರುಗಿ ಕೂಡಿಸಿದವರು. ಅವರೂ ಜೊತೆಯ ಅಧ್ಯಾಪಕರೂ ವೇದಗಳಿಂದ ಮಳೆಯ ಸ್ತುತಿಗಳನ್ನು ಆಯ್ದು ಮಕ್ಕಳಿಗೆ ಕಲಿಸಿದರು. ಆ ವರ್ಷವೇ ರವೀಂದ್ರನಾಥರು 'ಶಾರದೋತ್ಸವ' ಬರೆದು ಆಡಿಸಿದರು. ಹಳೆಯ ಮಂತ್ರ, ಹೊಸ ಹಾಡು, ಮಕ್ಕಳ ಆಟ ಮೂರೂ ಒಂದೇ ಅಂಗಳದಲ್ಲಿ ಸೇರಿದವು. ಮುಂದೆ ಆಶ್ರಮದ ಎಲ್ಲ ಉತ್ಸವಗಳಿಗೂ ಇದೇ ಅಚ್ಚು.

ಹಾಡಿನ ಹೊಣೆ ಹೊತ್ತವರು ದಿನೇಂದ್ರನಾಥ ಠಾಕೂರ್, ಕವಿಯ ದೊಡ್ಡಣ್ಣನ ಮೊಮ್ಮಗ. ಭಾರೀ ದೇಹ, ಭಾರೀ ಕಂಠ. ರವೀಂದ್ರನಾಥರಿಗೆ ತಾವೇ ಹಾಕಿದ ರಾಗ ಮರುದಿನಕ್ಕೆ ಮರೆತುಹೋಗುತ್ತಿತ್ತು. ಹಾಡು ಹುಟ್ಟಿದ ಕೂಡಲೇ ದಿನೇಂದ್ರನಾಥರನ್ನು ಕರೆಸಿ ಒಪ್ಪಿಸುತ್ತಿದ್ದರು. ಅವರು ಅದನ್ನು ಕಲಿತು, ಸ್ವರಲಿಪಿ ಬರೆದಿಟ್ಟು, ಮಕ್ಕಳ ಬಾಯಿಗೆ ಹಾಕುತ್ತಿದ್ದರು. ತಮ್ಮ ಎಲ್ಲ ಹಾಡುಗಳ ಭಂಡಾರಿ ಈತನೇ ಎಂದು ಹೇಳಿ ಕವಿ 'ಫಾಲ್ಗುನಿ' ನಾಟಕವನ್ನು ಅವರಿಗೆ ಅರ್ಪಿಸಿದರು.

'ಫಾಲ್ಗುನಿ' ಬಂದದ್ದು 1915ರಲ್ಲಿ. ಆ ವಸಂತದಲ್ಲಿ ಶಾಂತಿನಿಕೇತನ ತುಂಬಿ ತುಳುಕುತ್ತಿತ್ತು. ಗಾಂಧೀಜಿಯವರ ದಕ್ಷಿಣ ಆಫ್ರಿಕಾದ ಫೀನಿಕ್ಸ್ ಆಶ್ರಮದ ಹುಡುಗರು ಕೆಲವು ತಿಂಗಳಿಂದ ಅಲ್ಲೇ ತಂಗಿದ್ದರು. ಅವರನ್ನು ನೋಡಲು ಫೆಬ್ರುವರಿ, ಮಾರ್ಚಿನಲ್ಲಿ ಗಾಂಧೀಜಿ ಬಂದರು. ಅಡಿಗೆ, ಕಸ, ಪಾತ್ರೆ ಎಲ್ಲವನ್ನೂ ವಿದ್ಯಾರ್ಥಿಗಳೇ ಮಾಡಬೇಕೆಂದು ಅವರು ಹೇಳಿ, ಮಾರ್ಚ್ 10ರಿಂದ ಅದನ್ನು ಜಾರಿಗೂ ತಂದರು. ಆ ಪ್ರಯೋಗ ಹೆಚ್ಚು ದಿನ ಬಾಳಲಿಲ್ಲ, ಆದರೆ ಮಾರ್ಚ್ 10 ಇಂದಿಗೂ ಅಲ್ಲಿ 'ಗಾಂಧಿ ಪುಣ್ಯಾಹ'. ಆ ದಿನ ಅಡಿಗೆಯವರಿಗೂ ಜಾಡಮಾಲಿಗಳಿಗೂ ರಜೆ. ಅವರ ಕೆಲಸಕ್ಕೆ ವಿದ್ಯಾರ್ಥಿಗಳೂ ಅಧ್ಯಾಪಕರೂ ಇಳಿಯುತ್ತಾರೆ. ವಸಂತದ ಪಟ್ಟಿಯಲ್ಲಿ ಹಾಡು ಕುಣಿತಗಳ ಜೊತೆಗೆ ಪೊರಕೆಯ ದಿನವೂ ಒಂದಿರುವುದು ಶಾಂತಿನಿಕೇತನದ ದೊಡ್ಡ ಗುಣ.

ಅದೇ ವಸಂತದಲ್ಲಿ, ಪಕ್ಕದ ಸುರುಲ್ ಹಳ್ಳಿಯ ಮನೆಯಲ್ಲಿ ಕೂತು ಕವಿ 'ಫಾಲ್ಗುನಿ' ಬರೆದರು. ಹುಡುಗರ ಗುಂಪೊಂದು ಲೋಕವನ್ನೆಲ್ಲ ಹೆದರಿಸುವ ಒಬ್ಬ ಮುದುಕನನ್ನು ಹಿಡಿದು ತರುತ್ತೇವೆಂದು ಹೊರಡುತ್ತದೆ. ದಾರಿ ತೋರಿಸುವವನು ಒಬ್ಬ ಕುರುಡ ಬಾವುಲ, ಅಂದರೆ ಹಾಡುತ್ತ ಅಲೆಯುವ ಸಾಧು. ಗುಹೆಯಿಂದ ಹೊರಗೆ ಬರುವವನನ್ನು ನೋಡಿದರೆ ಅವನು ಮುದುಕನೇ ಅಲ್ಲ, ಸದಾ ಎಳೆಯನಾದ ಅವರದೇ ನಾಯಕ. ಚಳಿಗಾಲದ ಹೊದಿಕೆ ಜಾರಿದರೆ ಒಳಗಿರುವುದು ವಸಂತವೇ ಎಂಬ ಮಾತನ್ನು ಇಷ್ಟು ಹಗುರಾಗಿ ಆಡಿದ ನಾಟಕ ಇನ್ನೊಂದು ಸಿಗುವುದು ಅಪರೂಪ. ಏಪ್ರಿಲಿನಲ್ಲಿ ಆಶ್ರಮದಲ್ಲೇ ಅದರ ಮೊದಲ ಪ್ರದರ್ಶನ. ಐವತ್ತನಾಲ್ಕನ್ನು ಮುಟ್ಟುತ್ತಿದ್ದ ರವೀಂದ್ರನಾಥರೇ ಬಾವುಲನ ವೇಷ ಹಾಕಿದರು. 1916ರ ಜನವರಿಯಲ್ಲಿ ಇದೇ ನಾಟಕ ಕಲ್ಕತ್ತೆಯ ಜೋಡಾಸಾಂಕೊದ ಮನೆಯಂಗಳಕ್ಕೆ ಹೋಯಿತು. ಸಂಗ್ರಹವಾದ ಹಣ ಬಾಂಕುಡಾದ ಬರಪೀಡಿತರಿಗೆ. ಶಾಲೆಯ ಅಂಗಳದ ಆಟ ಟಿಕೆಟ್ಟಿನ ಆಟವಾಗಿ ನಗರಕ್ಕೆ ಹೋಗುವ ದಾರಿ ಹೀಗೆ ತೆರೆಯಿತು.

ಆ ದಾರಿಯಲ್ಲಿ ಕವಿ ಮತ್ತೆ ಮತ್ತೆ ಓಡಾಡಬೇಕಾಯಿತು. 1918ರಲ್ಲಿ ಅಡಿಗಲ್ಲಿಟ್ಟ ವಿಶ್ವಭಾರತಿ ಎಂಬ ಕನಸಿಗೆ ಸರ್ಕಾರದ ದುಡ್ಡು ಇರಲಿಲ್ಲ, ಅವರಿಗೆ ಅದು ಬೇಕಾಗಿಯೂ ಇರಲಿಲ್ಲ. 1919ರ ಆರಂಭದಲ್ಲಿ ದಕ್ಷಿಣ ಭಾರತದ ಪ್ರವಾಸಕ್ಕೆ ಬಂದರು. ಬೆಂಗಳೂರು, ಮೈಸೂರು, ಮದರಾಸುಗಳಲ್ಲಿ ಉಪನ್ಯಾಸ ಕೊಟ್ಟರು. ಸಂಗೀತ, ಚಿತ್ರ, ನಾಟಕಗಳಿಗೆ ತರಗತಿಯೊಳಗೆ ಜಾಗವಿಲ್ಲದ ವಿಶ್ವವಿದ್ಯಾಲಯ ಅರೆಬರೆಯದು ಎಂಬುದು ಆ ಕಾಲದ ಅವರ ಭಾಷಣಗಳ ತಿರುಳು. 1921ರ ಡಿಸೆಂಬರ್ 23ರಂದು ಆಮ್ರಕುಂಜದಲ್ಲಿ, ಅಂದರೆ ಮಾವಿನ ತೋಪಿನಲ್ಲಿ, ವಿಶ್ವಭಾರತಿ ವಿಧ್ಯುಕ್ತವಾಗಿ ಆರಂಭವಾದಾಗ ಅಧ್ಯಕ್ಷತೆ ವಹಿಸಿದ್ದವರು ತತ್ವಶಾಸ್ತ್ರಜ್ಞ ಬ್ರಜೇಂದ್ರನಾಥ ಶೀಲ್. ಆಗ ಅವರು ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳು. ರಾಜಾಶ್ರಯದಲ್ಲಿ ಕಟ್ಟಿದ ಮೈಸೂರಿನ ವಿದ್ಯಾಪೀಠದ ಮುಖ್ಯಸ್ಥರೇ ಆಶ್ರಯವೇ ಇಲ್ಲದ ಈ ವಿದ್ಯಾಪೀಠವನ್ನು ಹರಸಿದರು. 1928ರಲ್ಲಿ ರವೀಂದ್ರನಾಥರು ಬೆಂಗಳೂರಿನ ಬಾಲಬ್ರೂಯಿ ಬಂಗಲೆಯಲ್ಲಿ ಶೀಲರ ಅತಿಥಿಯಾಗಿದ್ದು 'ಶೇಷೇರ್ ಕವಿತಾ' ಕಾದಂಬರಿಯನ್ನು ಮುಗಿಸಿದ್ದು ಇದೇ ಸ್ನೇಹದ ಮುಂದಿನ ಕಥೆ.

ಕನ್ನಡ ನಾಡಿನ ಇನ್ನೊಂದು ಋಣ ಹಾಡಿನದು. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ಯುವಕ ರವೀಂದ್ರರು ಅಲ್ಲಿನ ಕಡಲ ದಂಡೆಯಲ್ಲಿ ಕೆಲಕಾಲ ಇದ್ದವರು. ಆಮೇಲೆ ಅಕ್ಕನ ಮಗಳು ಸರಳಾದೇವಿ ಮೈಸೂರಿನಲ್ಲಿ ಕಲಿತ ಹಾಡುಗಳನ್ನು ಕಲ್ಕತ್ತೆಗೆ ತಂದರು. ಸೋದರಮಾವ ಆ ಮಟ್ಟುಗಳಿಗೆ ಬಂಗಾಳಿ ಮಾತು ಹೊಸೆದರು. 'ಏಕಿ ಲಾಬಣ್ಯೇ' ಎಂಬ ವಸಂತದ ಹಾಡು ಹಾಗೆ ಹುಟ್ಟಿದ್ದು. 1930ರ ಸುಮಾರಿಗೆ ಮದರಾಸಿನ ಕಡೆಯಿಂದ ಬಂದ ಸಾವಿತ್ರಿ ಎಂಬ ವಿದ್ಯಾರ್ಥಿನಿ ಮುತ್ತುಸ್ವಾಮಿ ದೀಕ್ಷಿತರ 'ಮೀನಾಕ್ಷಿ ಮೇ ಮುದಂ' ಹಾಡಿದ್ದನ್ನು ಕೇಳಿ ಮತ್ತೊಂದು ವಸಂತಗೀತೆ ಕಟ್ಟಿದರು. ಅದು 1931ರ 'ನವೀನ' ಎಂಬ ಗೀತನಾಟ್ಯದಲ್ಲಿ ಸೇರಿತು. ಕರ್ನಾಟಕ ಸಂಗೀತ ಬಲ್ಲ ಕಿವಿಗೆ ಶಾಂತಿನಿಕೇತನದ ವಸಂತದಲ್ಲಿ ನಡುನಡುವೆ ಮನೆಯ ದನಿ ಕೇಳಿಸುವುದು ಇದರಿಂದಲೇ.

1920ರ ದಶಕ ಈ ಚರಿತ್ರೆಯ ತುಂಬುಗಾಲ. 1923ರ ಫೆಬ್ರುವರಿಯಲ್ಲಿ 'ವಸಂತ' ಎಂಬ ಗೀತನಾಟ್ಯ ಕಲ್ಕತ್ತೆಯಲ್ಲಿ ರಂಗಕ್ಕೆ ಬಂತು. ಅದರ ಕಥೆ ಇಷ್ಟೇ: ಬೊಕ್ಕಸ ಬರಿದಾಗಿದೆ, ಮಂತ್ರಿಗಳ ಸಭೆಯಿಂದ ರಾಜ ತಪ್ಪಿಸಿಕೊಂಡು ಬಂದಿದ್ದಾನೆ, ಕವಿ ಅವನನ್ನು ಕೂರಿಸಿ ವಸಂತದ ಆಟ ತೋರಿಸುತ್ತಾನೆ, ಎಲ್ಲವನ್ನೂ ಕೊಟ್ಟು ಬರಿಗೈಯಾಗುವುದರಲ್ಲೇ ಋತುರಾಜನ ಸಿರಿಯಿದೆಯೆಂದು ತಿಳಿಸುತ್ತಾನೆ. ಕಾಸಿಗೆ ಕಾಸು ಹೊಂದಿಸಿ ವಿಶ್ವಭಾರತಿ ನಡೆಸುತ್ತಿದ್ದವರು ಬರೆದ ನಾಟಕವಿದು ಎಂಬುದನ್ನು ನೆನೆದರೆ ಅದರ ಕಳವಳವೂ ಧೈರ್ಯವೂ ಮನಸ್ಸಿಗೆ ಹತ್ತುತ್ತವೆ. ಈ ಕೃತಿಯನ್ನು ಅವರು ಅರ್ಪಿಸಿದ್ದು ಇಪ್ಪತ್ತಮೂರರ ತರುಣ ಕಾಜಿ ನಜ್ರುಲ್ ಇಸ್ಲಾಮರಿಗೆ. 'ಧೂಮಕೇತು' ಪತ್ರಿಕೆಯಲ್ಲಿ ಬರೆದ ಪದ್ಯಕ್ಕಾಗಿ ರಾಜದ್ರೋಹದ ಆಪಾದನೆ ಹೊತ್ತು ನಜ್ರುಲ್ ಆಗ ಅಲೀಪುರದ ಜೈಲಿನಲ್ಲಿದ್ದರು. ಪುಸ್ತಕದ ಪ್ರತಿಯನ್ನು ಸೆರೆಮನೆಗೇ ಕಳಿಸಿಕೊಟ್ಟರು. ಠಾಕೂರ್ ಮನೆತನದ ಆಚೆಯ ಒಬ್ಬ ಎಳೆಯ ಕವಿಗೆ, ಅದೂ ಸರ್ಕಾರದ ಕಣ್ಣಿಗೆ ಗುರಿಯಾದವನಿಗೆ ಬಂದ ಈ ಅರ್ಪಣೆ ಹಲವರಿಗೆ ಹಿಡಿಸಲಿಲ್ಲ. ವಸಂತವೆಂದರೆ ಹೂವು ಕೋಗಿಲೆಗಳ ಮಾತಷ್ಟೇ ಎಂದುಕೊಂಡವರಿಗೆ ಇದೊಂದೇ ಉತ್ತರ ಸಾಕು.

ಬಯಲಿನಲ್ಲಿ ಆಡುವ ಆಟಕ್ಕೆ ಆಕಾಶವೂ ಒಪ್ಪಬೇಕು. 1925ರ ವಸಂತದಲ್ಲಿ ಆಮ್ರಕುಂಜದಲ್ಲಿ 'ಸುಂದರ' ಎಂಬ ಕಾರ್ಯಕ್ರಮದ ಹಾಡುಗಳಿಗೆ ಎಲ್ಲ ಸಿದ್ಧವಾಗಿದ್ದಾಗ ಗಾಳಿಮಳೆ ಬಂದು ಅಲಂಕಾರವನ್ನೆಲ್ಲ ಕೆಡವಿತು. ಕವಿ ಆ ಬಿರುಗಾಳಿಯನ್ನೇ ಕುರಿತು ಅಂದೇ ಹೊಸ ಹಾಡು ಕಟ್ಟಿಕೊಟ್ಟರು. ಇಂಥ ಹಾಡುಗಳು ಕೂಡುತ್ತ ಹೋದದ್ದು ಎಷ್ಟೆಂಬುದಕ್ಕೆ ಅವರ ಗೀತಸಂಗ್ರಹ 'ಗೀತಬಿತಾನ್' ಸಾಕ್ಷಿ. ಅದರ ಪ್ರಕೃತಿ ವಿಭಾಗದಲ್ಲಿ 283 ಹಾಡುಗಳಿವೆ. ಮಳೆಗಾಲಕ್ಕೆ 115, ವಸಂತಕ್ಕೆ 96. ಹೇಮಂತಕ್ಕೆ ಐದೇ ಐದು. ಈ 96ರಲ್ಲಿ ಎಷ್ಟೋ ಹಾಡುಗಳು ಯಾವುದೋ ಒಂದು ವರ್ಷದ, ಯಾವುದೋ ಒಂದು ತಾಲೀಮಿನ ಅಗತ್ಯಕ್ಕೆ ಹುಟ್ಟಿದವು. ಇಂಥ ಹುಡುಗಿಯ ಕಂಠಕ್ಕೆ ಒಪ್ಪುತ್ತದೆ, ಇಂಥ ದೃಶ್ಯದ ನಡುವೆ ಒಂದು ಹಾಡು ಬೇಕು ಎನಿಸಿದರೆ ಬರೆದುಬಿಡುತ್ತಿದ್ದರು, ಪ್ರದರ್ಶನದ ಹಿಂದಿನ ದಿನ ತಿದ್ದುತ್ತಿದ್ದರು.

ಹಾಡಿಗೆ ಯಾರ ತಕರಾರೂ ಇರಲಿಲ್ಲ. ಕುಣಿತದ ಮಾತು ಬೇರೆ. ಮರ್ಯಾದಸ್ಥ ಮನೆತನದ ಹೆಣ್ಣುಮಕ್ಕಳು ಗೆಜ್ಜೆ ಕಟ್ಟಿ ನಾಲ್ಕು ಜನರೆದುರು ನಿಲ್ಲುವುದನ್ನು ಆ ಕಾಲದ ಬಂಗಾಳ ಒಪ್ಪುತ್ತಿರಲಿಲ್ಲ, ಕರ್ನಾಟಕವೂ ಒಪ್ಪುತ್ತಿರಲಿಲ್ಲ. 1919ರ ನವೆಂಬರಿನಲ್ಲಿ ಸಿಲ್ಹೆಟ್ಟಿಗೆ ಹೋಗಿದ್ದ ಕವಿ ಅಲ್ಲಿನ ಮಣಿಪುರಿ ಹಳ್ಳಿಯಲ್ಲಿ ರಾಸನೃತ್ಯ ನೋಡಿದರು. ಮೆದುವಾದ, ನೆಲ ಬಿಡದ ಆ ಹೆಜ್ಜೆಗಳು ತಮ್ಮ ಹಾಡಿಗೆ ತಕ್ಕವು ಅನಿಸಿತು. ತ್ರಿಪುರಾದ ಮಹಾರಾಜರಿಗೆ ಬರೆದು ಬುದ್ಧಿಮಂತ ಸಿಂಹ ಎಂಬ ಗುರುವನ್ನು ಕರೆಸಿದರು. ಮೊದಲು ಕಲಿತವರು ಹುಡುಗರು. ಮೃದಂಗದ ತಾಳಕ್ಕೆ ಅಂಗಸಾಧನೆ ಎಂಬಂತೆ ಪಾಠ ನಡೆಯಿತು. ಕೆಲವು ವರ್ಷದ ಮೇಲೆ ನವಕುಮಾರ ಸಿಂಹ ಎಂಬ ಇನ್ನೊಬ್ಬ ಗುರು ಬಂದಾಗ ಹುಡುಗಿಯರೂ ಕಲಿಯತೊಡಗಿದರು. ಅವರ ಬೆನ್ನಿಗೆ ನಿಂತವರು ಕವಿಯ ಸೊಸೆ ಪ್ರತಿಮಾದೇವಿ. ವೇಷಭೂಷಣದಿಂದ ಹಿಡಿದು ನೃತ್ಯದ ಜೋಡಣೆಯವರೆಗೆ ಅವರ ಕೈಯಿಲ್ಲದ ಪ್ರಯೋಗ ಮುಂದಿನ ಹದಿನೈದು ವರ್ಷದಲ್ಲಿ ಇರಲಿಲ್ಲವೆಂದರೆ ನಡೆಯುತ್ತದೆ. ಪೋಸ್ಟರಿನಲ್ಲಿ ಕವಿಯ ಹೆಸರು ದೊಡ್ಡದಾಗಿ ಬಂತು. ಪ್ರತಿಮಾದೇವಿಯ ಹೆಸರೂ ಅಷ್ಟೇ ದೊಡ್ಡದಾಗಿ ಬರಬೇಕಾಗಿತ್ತು.

1926ರ ವೈಶಾಖದಲ್ಲಿ, ಕವಿಯ ಹುಟ್ಟುಹಬ್ಬಕ್ಕೆ, 'ನಟೀರ್ ಪೂಜಾ' ಆಡಿದರು. ಪಾತ್ರಗಳೆಲ್ಲ ಹೆಣ್ಣೇ. ಬುದ್ಧನ ಸ್ತೂಪಕ್ಕೆ ಪೂಜೆ ಸಲ್ಲದೆಂದು ಅರಮನೆ ಆಜ್ಞೆ ಮಾಡಿದೆ. ಅದೇ ಸ್ತೂಪದ ಮುಂದೆ ಕುಣಿಯಲು ಆಸ್ಥಾನದ ನಟಿ ಶ್ರೀಮತಿಗೆ ಅಪ್ಪಣೆಯಾಗುತ್ತದೆ. ಅವಳು ಕುಣಿಯುತ್ತ ಕುಣಿಯುತ್ತ ಒಡವೆಗಳನ್ನು ಒಂದೊಂದಾಗಿ ಕಳಚುತ್ತಾಳೆ. ಕೊನೆಗೆ ಮೈಮೇಲೆ ಉಳಿಯುವುದು ಭಿಕ್ಷುಣಿಯ ಕಾವಿ. ಕುಣಿತವೇ ಪೂಜೆಯಾಗುತ್ತದೆ, ಪ್ರಾಣ ಹೋಗುತ್ತದೆ. ಶ್ರೀಮತಿಯಾಗಿ ಕುಣಿದವರು ಚಿತ್ರಕಾರ ನಂದಲಾಲ ಬಸು ಅವರ ಮಗಳು ಗೌರಿ. ಮರುವರ್ಷದ ಜನವರಿಯಲ್ಲಿ ಕಲ್ಕತ್ತೆಯ ಪ್ರದರ್ಶನಕ್ಕೆ ಮುಂಚೆ ರವೀಂದ್ರನಾಥರು ಉಪಾಲಿ ಎಂಬ ಭಿಕ್ಷುವಿನ ಪಾತ್ರವೊಂದನ್ನು ಸೇರಿಸಿ ತಾವೇ ರಂಗಕ್ಕೆ ಬಂದರು. ಹುಡುಗಿಯರ ಮೇಲೆ ಬರಬಹುದಾದ ಮಾತು ತಮ್ಮ ಮೇಲೂ ಬರಲಿ ಎಂದು ಅರವತ್ತೈದರ ಹಿರಿಯರು ಅವರ ಜೊತೆಗೆ ನಿಂತರು. ಅವರ ತಂಡದಲ್ಲಿ ಕುಣಿದವರಲ್ಲಿ ಕ್ಷಿತಿಮೋಹನ ಸೇನರ ಮಗಳು ಅಮಿತಾ ಕೂಡ ಒಬ್ಬರು. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನರ ತಾಯಿ. ಭಾರತದ ಮಧ್ಯಮವರ್ಗದ ಮನೆಗಳಲ್ಲಿ ಹೆಣ್ಣುಮಕ್ಕಳ ನೃತ್ಯಾಭ್ಯಾಸ ಸಹಜವೆನಿಸುವುದಕ್ಕೆ ಬಹಳ ಮೊದಲೇ ಬೀರ್‌ಭೂಮಿನ ಒಂದು ಹಾಸ್ಟೆಲಿನ ಹುಡುಗಿಯರು ಆ ನಿಂದೆಯನ್ನು ತಾಳಿಕೊಂಡಿದ್ದರು.

ವಸಂತದ ಆಟ ದೋಲ್ ಹುಣ್ಣಿಮೆಗೆ ಗಟ್ಟಿಯಾಗಿ ಹೊಂದಿಕೊಂಡದ್ದು ಈ ವರ್ಷಗಳಲ್ಲಿ. 1927ರ ದೋಲ್ ದಿನ ಆಶ್ರಮದಲ್ಲಿ 'ನಟರಾಜ ಋತುರಂಗಶಾಲಾ' ನಡೆಯಿತು: ಆರು ಋತುಗಳೂ ನಟರಾಜನ ಹೆಜ್ಜೆಗಳೆಂಬ ಕಲ್ಪನೆ. 1931ರಲ್ಲಿ 'ನವೀನ'. ಇಂದಿನ ಮೆರವಣಿಗೆಯ ಹಾಡು 'ಓರೆ ಗೃಹಬಾಸಿ' ಆ ವಸಂತದ್ದು. ನಂದಲಾಲರೂ ಕಲಾವಿದ ಸುರೇಂದ್ರನಾಥ ಕರ್ ಅವರೂ ರಂಗವನ್ನು ಸಿದ್ಧಮಾಡುತ್ತಿದ್ದ ರೀತಿಯೇ ಒಂದು ಕಲಿಕೆ. ಬಣ್ಣ ಬಳಿದ ಪರದೆಗಳ ಅರಮನೆ, ಕಾಡುಗಳನ್ನು ಅವರು ಕಿತ್ತುಹಾಕಿದರು. ನೆಲಕ್ಕೆ ಅಲ್ಪನಾ ಎಂಬ ಬಂಗಾಳಿ ರಂಗವಲ್ಲಿ, ಹಿಂದೆ ಒಂದೇ ಬಣ್ಣದ ಬಟ್ಟೆ, ಮುಡಿಗೆ ಹೂವು, ಅಷ್ಟೇ. ಕಲಾಭವನದ ವಿದ್ಯಾರ್ಥಿ ಅಲ್ಪನಾ ಹಾಕುತ್ತಿದ್ದ, ಪಾಠಭವನದ ಮಕ್ಕಳು ಹಾಡುತ್ತಿದ್ದರು, ಸಂಸ್ಕೃತದ ಅಧ್ಯಾಪಕರು ಮಂತ್ರ ಹೇಳುತ್ತಿದ್ದರು. ಸಂಗೀತಭವನ ಪ್ರತ್ಯೇಕ ವಿಭಾಗವಾದದ್ದು 1933ರಲ್ಲಿ. ಅಲ್ಲಿಯವರೆಗೂ, ಆಮೇಲೂ, ಉತ್ಸವ ಯಾವುದೋ ಒಂದು ವಿಭಾಗದ ಸ್ವತ್ತಾಗಿರಲಿಲ್ಲ.

1936ರ ಮಾರ್ಚಿನಲ್ಲಿ 'ಚಿತ್ರಾಂಗದಾ' ನೃತ್ಯನಾಟಕ ಕಲ್ಕತ್ತೆಯಲ್ಲಿ ತೆರೆ ಕಂಡಿತು. ಅಲ್ಲಿಂದ ತಂಡ ಉತ್ತರ ಭಾರತದ ಊರುಗಳಿಗೆ ಹೊರಟಿತು. ಪಟ್ನಾ, ಅಲಹಾಬಾದ್, ಲಾಹೋರ್. ಉದ್ದೇಶ ಬಚ್ಚಿಡುವಂಥದ್ದಲ್ಲ, ವಿಶ್ವಭಾರತಿಯ ಸಾಲ ತೀರಿಸುವುದು. ಎಪ್ಪತ್ತೈದರ ಹೊಸ್ತಿಲಲ್ಲಿದ್ದ, ಆರೋಗ್ಯ ಕೆಟ್ಟಿದ್ದ ರವೀಂದ್ರನಾಥರು ಪ್ರತಿ ಪ್ರದರ್ಶನದಲ್ಲೂ ರಂಗದ ಮೇಲೆ ಕೂರುತ್ತಿದ್ದರು. ದೆಹಲಿಯಲ್ಲಿ ಅವರನ್ನು ಕಂಡ ಗಾಂಧೀಜಿ ಎಷ್ಟು ಹಣ ಬೇಕೆಂದು ಕೇಳಿದರು. ಸ್ವಲ್ಪ ದಿನದಲ್ಲೇ 60,000 ರೂಪಾಯಿ ಅವರ ಕೈ ಸೇರಿತು. ಇನ್ನು ಈ ವಯಸ್ಸಿನಲ್ಲಿ ಊರೂರು ಅಲೆಯಬಾರದು ಎಂಬ ಕೋರಿಕೆಯೂ ಜೊತೆಗಿತ್ತು. ಪ್ರವಾಸ ಅಲ್ಲಿಗೆ ಮೊಟಕಾಯಿತು. ಕೆಲಸ ಮೊಟಕಾಗಲಿಲ್ಲ. 1938ರ ಮಾರ್ಚಿನಲ್ಲಿ 'ಚಂಡಾಲಿಕಾ', 1939ರ ಫೆಬ್ರುವರಿಯಲ್ಲಿ 'ಶ್ಯಾಮಾ' ನೃತ್ಯನಾಟಕಗಳು ಬಂದವು. ದಾಹಕ್ಕೆ ನೀರು ಕೇಳಿದ ಭಿಕ್ಷುವಿಗೆ ತಾನು ಅಸ್ಪೃಶ್ಯಳೆಂದು ಹಿಂಜರಿಯುವ ಹುಡುಗಿಯ ಕಥೆ 'ಚಂಡಾಲಿಕಾ'. ಅದೂ ಒಂದು ವಸಂತದ ಕಾರ್ಯಕ್ರಮವೇ. ಮೂರೂ ನೃತ್ಯನಾಟಕಗಳು ಕಲ್ಕತ್ತೆಯ ರಂಗಮಂದಿರಗಳಿಗೆ ಹೋದದ್ದು ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ, ಶಾಂತಿನಿಕೇತನದಲ್ಲಿ ಚಳಿಗಾಲವೆಲ್ಲ ತಾಲೀಮು ನಡೆದ ಮೇಲೆ.

1940ರ ಫೆಬ್ರುವರಿಯಲ್ಲಿ ಗಾಂಧೀಜಿ ಕವಿಯ ಜೀವಿತಕಾಲದಲ್ಲಿ ಕಡೆಯ ಬಾರಿ ಭೇಟಿಯಿತ್ತಾಗ, ಹೊರಡುವ ಹೊತ್ತಿಗೆ ಕವಿ ಅವರ ಕೈಗೆ ಒಂದು ಪತ್ರವಿಟ್ಟರು. ತಾವಿಲ್ಲದ ಕಾಲಕ್ಕೆ ವಿಶ್ವಭಾರತಿಯನ್ನು ಕಾಯಬೇಕೆಂಬ ಪ್ರಾರ್ಥನೆ ಅದರಲ್ಲಿತ್ತು. ಮುಂದಿನ ವರ್ಷದ ಆಗಸ್ಟ್ 7ರಂದು ರವೀಂದ್ರನಾಥರು ತೀರಿಕೊಂಡರು. 1951ರಲ್ಲಿ ಸಂಸತ್ತಿನ ಕಾಯಿದೆಯಿಂದ ವಿಶ್ವಭಾರತಿ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ಸಂಬಳ, ಕಟ್ಟಡ, ವಿಭಾಗಗಳ ಚಿಂತೆ ತೀರಿತು. ಉತ್ಸವಗಳ ಪಟ್ಟಿ ಹಾಗೇ ಉಳಿಯಿತು: ಫೆಬ್ರುವರಿ ಮೊದಲ ವಾರದಲ್ಲಿ ಪಕ್ಕದ ಗ್ರಾಮಾಭಿವೃದ್ಧಿ ಕೇಂದ್ರ ಶ್ರೀನಿಕೇತನದ ಮಾಘ ಮೇಳ, ಮಾರ್ಚಿನಲ್ಲಿ ಗಾಂಧಿ ಪುಣ್ಯಾಹ ಮತ್ತು ವಸಂತೋತ್ಸವ, ಬಂಗಾಳಿ ವರ್ಷದ ಕೊನೆಯ ಹಾಗೂ ಮೊದಲ ದಿನಗಳ ಪ್ರಾರ್ಥನೆ, ಮಳೆಗಾಲದಲ್ಲಿ ವೃಕ್ಷಾರೋಪಣ ಮತ್ತು ಹಲಕರ್ಷಣ ಎಂಬ ನೇಗಿಲ ಹಬ್ಬ.

ಇವುಗಳಲ್ಲಿ ವಸಂತೋತ್ಸವವೊಂದು ಊರಿನ ಅಳತೆ ಮೀರಿ ಬೆಳೆಯಿತು. ಹೌರಾದಿಂದ ರೈಲಿನಲ್ಲಿ ಎರಡು ಮೂರು ಗಂಟೆಯ ದಾರಿ. ಸಿನಿಮಾ, ಟಿ.ವಿ., ಪ್ರವಾಸೋದ್ಯಮದ ಚಿತ್ರಗಳಲ್ಲಿ ಹಳದಿ ಸೀರೆಯ ಸಾಲು ಬಂಗಾಳದ ಗುರುತೇ ಆಗಿಹೋಯಿತು. ಜನ ಹೆಚ್ಚಿದಂತೆ ಕಾರ್ಯಕ್ರಮ ಆಮ್ರಕುಂಜದಿಂದ ಗೌರ್ ಪ್ರಾಂಗಣಕ್ಕೆ, ಅಲ್ಲಿಂದ ಆಶ್ರಮದ ಮೈದಾನಕ್ಕೆ ಸರಿಯಿತು. ಮಾವಿನ ನೆರಳಿನಲ್ಲಿ ಮೈಕಿಲ್ಲದೆ ಹಾಡಿದ್ದನ್ನು ಮೈದಾನದಲ್ಲಿ ಧ್ವನಿವರ್ಧಕದಲ್ಲಿ ಕೇಳಿಸಬೇಕಾಯಿತು. ಮುಡಿಗೂ ಕೊರಳಿಗೂ ಮುತ್ತುಗದ ಹೂವೇ ಆಗಬೇಕೆಂದು ಬಂದವರೆಲ್ಲ ಬಯಸಿದರು. ವ್ಯಾಪಾರಿಗಳು ರೆಂಬೆ ರೆಂಬೆಯನ್ನೇ ಮುರಿದು ತಂದು ಮಾರಿದರು. ಋತುವನ್ನು ಗೌರವಿಸಲು ಹುಟ್ಟಿದ ಹಬ್ಬದಲ್ಲಿ ಮರ ಬೋಳಾಗುವುದನ್ನು ಕಂಡು ಮೊದಲು ದನಿಯೆತ್ತಿದವರಲ್ಲಿ ಅಲ್ಲಿನ ವಿದ್ಯಾರ್ಥಿಗಳೂ ಹಳೆಯ ಆಶ್ರಮಿಕರೂ ಇದ್ದರು.

2020ರ ಮಾರ್ಚಿನಲ್ಲಿ ಕೊರೋನಾ ಭೀತಿಯಿಂದ ವಸಂತೋತ್ಸವ ರದ್ದಾಯಿತು. ಸೋಂಕು ಇಳಿದ ಮೇಲೂ ಹಳೆಯ ಕ್ರಮ ಮರಳಲಿಲ್ಲ. 2023ರಲ್ಲಿ ದೋಲ್ ಹುಣ್ಣಿಮೆಗೆ ಕೆಲವು ದಿನ ಮೊದಲೇ 'ವಸಂತ ವಂದನಾ' ಎಂಬ ಹೆಸರಿನಲ್ಲಿ, ಹೊರಗಿನವರಿಗೆ ಪ್ರವೇಶವಿಲ್ಲದೆ, ವಿದ್ಯಾರ್ಥಿ ಮತ್ತು ಸಿಬ್ಬಂದಿಯಷ್ಟೇ ಸೇರಿ ಕಾರ್ಯಕ್ರಮ ನಡೆಸಿದರು. ಅದೇ ವರ್ಷದ ಸೆಪ್ಟೆಂಬರ್ 17ರಂದು ಶಾಂತಿನಿಕೇತನ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2025ರಲ್ಲೂ ಉತ್ಸವ ದೋಲ್‌ಗೆ ಮೊದಲೇ, ಒಳಗಿನವರಿಗೆ ಮಾತ್ರ. ಹುಣ್ಣಿಮೆಗೆಂದು ಬಂದ ಜನ ಬೋಲ್ಪುರದ ಬೀದಿಗಳಿಗೆ, ಸೋನಾಝುರಿಯ ತೋಪಿನ ಸಂತೆಗೆ ಹರಿದರು.

ಬಾಗಿಲು ಮುಚ್ಚಿದ್ದಕ್ಕೆ ನೊಂದವರು ಬೇಕಾದಷ್ಟು ಮಂದಿ. ಹೋಟೆಲಿನವರಿಗೆ, ಟೋಟೋ ಎಂಬ ವಿದ್ಯುತ್ ರಿಕ್ಷಾ ಓಡಿಸುವವರಿಗೆ, ಬಾಟಿಕ್ ಬಟ್ಟೆ ಮಾರುವವರಿಗೆ ವರ್ಷದ ದೊಡ್ಡ ದುಡಿಮೆಯೇ ಆ ಎರಡು ಮೂರು ದಿನ. ಅದಕ್ಕಿಂತ ಹೆಚ್ಚಾಗಿ, ಚಿಕ್ಕಂದಿನಿಂದ ಮೈದಾನದಲ್ಲಿ ಕೂತು ಹಾಡು ಕೇಳಿ ಬೆಳೆದ ಬೋಲ್ಪುರದ ಮನೆಗಳಿವೆ. ಅವರನ್ನು ಕಲ್ಕತ್ತೆಯಿಂದ ಬೆಳಿಗ್ಗೆ ಬಂದು ಸಂಜೆ ಹೋಗುವ ಗುಂಪಿನ ಜೊತೆ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ. ವಿಶ್ವವಿದ್ಯಾಲಯದ ಕಷ್ಟವೂ ಸುಳ್ಳಲ್ಲ. ಪರಂಪರೆಯ ಕಟ್ಟಡಗಳ ನಡುವೆ ಒಂದೇ ಬೆಳಗಿನಲ್ಲಿ ನೂಕುನುಗ್ಗಲಾದರೆ ಮರಕ್ಕೂ ಅಪಾಯ, ಮಕ್ಕಳಿಗೂ ಅಪಾಯ.

ಇದಕ್ಕೆ ದಾರಿ ಅಲ್ಲಿನ ಚರಿತ್ರೆಯೊಳಗೇ ಇದೆ. 1907ರ ಆಟ ನಡೆದದ್ದು ಶ್ರೀಪಂಚಮಿಗೆ, 'ಫಾಲ್ಗುನಿ' ಏಪ್ರಿಲಿನಲ್ಲಿ, 'ವಸಂತ' ಫೆಬ್ರುವರಿಯಲ್ಲಿ, 'ನಟೀರ್ ಪೂಜಾ' ವೈಶಾಖದಲ್ಲಿ, 'ಋತುರಂಗಶಾಲಾ' ದೋಲ್ ದಿನ. ಮಾಘದಿಂದ ವೈಶಾಖದವರೆಗೆ ನಾಲ್ಕು ತಿಂಗಳು ಹರಡಿಕೊಂಡಿದ್ದುದನ್ನು ಒಂದೇ ಬೆಳಗಿಗೆ ಕಟ್ಟಿಹಾಕಿದ್ದರಿಂದಲೇ ಲಕ್ಷಾಂತರ ಜನ ಆ ಬೆಳಗಿಗಾಗಿ ಮುಗಿಬಿದ್ದರು. ಆಮ್ರಕುಂಜದಲ್ಲಿ ಒಂದು ಸಂಜೆ, ಗೌರ್ ಪ್ರಾಂಗಣದಲ್ಲಿ ಇನ್ನೊಂದು, ಶ್ರೀನಿಕೇತನದ ಹಳ್ಳಿಗಳಲ್ಲಿ ಮತ್ತೊಂದು ಎಂದು ವಸಂತವಿಡೀ ಸಣ್ಣ ಸಣ್ಣ ಪ್ರದರ್ಶನಗಳನ್ನು ಊರಿಗೆ ತೆರೆದಿಟ್ಟರೆ ಅದು ರವೀಂದ್ರನಾಥರ ಪದ್ಧತಿಗೂ ಹೆಚ್ಚು ಹತ್ತಿರ.

ಹೊಸ ಕೃತಿಯ ಮಾತೂ ಇದೆ. ರವೀಂದ್ರನಾಥರ ಕೃತಿಗಳ ಹಕ್ಕು 2001ರ ಕೊನೆಯವರೆಗೆ ವಿಶ್ವಭಾರತಿಯ ಕೈಯಲ್ಲಿತ್ತು. ಹಾಡುಗಳನ್ನು ಸ್ವರಲಿಪಿ ಬಿಟ್ಟು ಹಾಡದಂತೆ ಅದರ ಸಂಗೀತ ಮಂಡಳಿ ಕಾವಲಿದ್ದ ಕಾಲ ಅದು. ಆ ಕಾವಲು ಹಾಡುಗಳನ್ನು ಉಳಿಸಿತು, ನಿಜ. ಈಗ ಆ ಕಟ್ಟೂ ಇಲ್ಲ. ಸಂಗೀತಭವನದಲ್ಲಿ ಮಣಿಪುರಿ, ಕಥಕಳಿ ಕಲಿಯುವವರಿದ್ದಾರೆ, ಕಲಾಭವನದಲ್ಲಿ ದೇಶದ ಮೂಲೆಮೂಲೆಯ ವಿದ್ಯಾರ್ಥಿಗಳಿದ್ದಾರೆ, ಸುತ್ತ ಸಂತಾಲರ ಹಳ್ಳಿಗಳಿವೆ, ಬಾವುಲರಿದ್ದಾರೆ. 1907ರಲ್ಲಿ ಹತ್ತು ವರ್ಷದ ಹುಡುಗ ಯಾರ ಅಪ್ಪಣೆಗೂ ಕಾಯದೆ ಜೊತೆಯವರಿಗೆ ವೇಷ ಹಾಕಿಸಿದ ಶಾಲೆಯಿದು. ಅಲ್ಲಿನ ಮುಂದಿನ ವಸಂತದ ಕಾರ್ಯಕ್ರಮ ಪಟ್ಟಿಯಲ್ಲಿ ಕವಿಯ ಹಾಡುಗಳ ಪಕ್ಕದಲ್ಲಿ ವಿದ್ಯಾರ್ಥಿಯೊಬ್ಬರು ಆ ವರ್ಷವೇ ಬರೆದ ಒಂದು ಹಾಡಿಗೂ, ಒಂದು ನಾಟಕಕ್ಕೂ ಜಾಗ ಸಿಗಬೇಕು.